ಹೆಸರು ಕೊನೆಗೆ

ನಾನು ಮೈಕಿನಲ್ಲಿ ಕೂಗುವವನು. ಆಟೋದ ಮೇಲೆ ಎರಡು ಸ್ಪೀಕರ್ ಕಟ್ಟಿಕೊಂಡು ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯ ಓಣಿಗಳಲ್ಲಿ ಮೂವತ್ತು ವರ್ಷ ಕೂಗಿದ್ದೇನೆ. ಸೀರೆ ಅಂಗಡಿಯ ರಿಯಾಯಿತಿ, ಕಣ್ಣಿನ ಶಿಬಿರ, ನಾಟಕ, ನಾಳೆ ನಳಕ್ಕೆ ನೀರು ಬರುವುದಿಲ್ಲ ಎಂಬ ಸುದ್ದಿ, ಯಾರೋ ತೀರಿಕೊಂಡ ಸುದ್ದಿ, ಎಲ್ಲವನ್ನೂ. ದನಿ ಒಂದೇ. ರಿಯಾಯಿತಿಗೆ ನಕ್ಕು, ಸಾವಿಗೆ ಅತ್ತು ಕೂಗುವವರೂ ಇದ್ದಾರೆ. ಅದೆಲ್ಲ ನಾಟಕದ ಕಂಪನಿಯವರ ಕೆಲಸ, ನನಗೆ ಆಗುವುದಿಲ್ಲ. ಇಲ್ಲಿ ಯಾರ ಹೆಸರನ್ನೂ ನಾನು ಬರೆಯುವುದಿಲ್ಲ. ಹೆಸರು ಹೇಳಿ ಹೇಳಿ ನನಗೆ ಸಾಕಾಗಿದೆ.

ನನ್ನದೊಂದು ಪದ್ಧತಿ ಇತ್ತು. ಹೆಸರನ್ನು ಯಾವಾಗಲೂ ಕೊನೆಗೆ ಇಡುತ್ತಿದ್ದೆ. ಮೊದಲೇ ಹೆಸರು ಹೇಳಿಬಿಟ್ಟರೆ ಮಂದಿ ಅಷ್ಟನ್ನೇ ಕೇಳಿ ಒಳಗೆ ಹೋಗುತ್ತಾರೆ. ಅದಕ್ಕೇ ಮೊದಲು ಊರು, ಆಮೇಲೆ ಓಣಿ, ಆಮೇಲೆ ಯಾರ ಮಗ, ಏನು ವಯಸ್ಸು, ಏನಾಯಿತು, ಎಷ್ಟು ಹೊತ್ತಿಗೆ, ಎಲ್ಲಿ. ಅಷ್ಟು ಹೇಳಿ ಮೂರು ಎಣಿಸುವಷ್ಟು ಹೊತ್ತು ಸುಮ್ಮನಿರಬೇಕು. ಆ ಹೊತ್ತಿನಲ್ಲಿ ರೊಟ್ಟಿ ಬಡಿಯುವ ಸಪ್ಪಳ ನಿಲ್ಲುತ್ತಿತ್ತು. ಬೆಟಗೇರಿಯಲ್ಲಾದರೆ ಮಗ್ಗದ ಸಪ್ಪಳ ನಿಲ್ಲುತ್ತಿತ್ತು. ಆಗ ಹೆಸರು ಹೇಳಬೇಕು. ಕೆಲಸ ಕೊಡುವವರಿಗೂ ನಾನು ಇದೇ ಕ್ರಮ ಕಲಿಸಿದ್ದೆ. ಫೋನಿನಲ್ಲಿ ಯಾರಾದರೂ ಮೊದಲೇ ಹೆಸರು ಹೇಳಿದರೆ, "ತಡೀರಿ ಸಾಹೇಬ್ರ, ಹೆಸರು ಕೊನಿಗೆ ಬರಸ್ರಿ, ಇಲ್ಲಂದ್ರ ನನ್ನ ನೋಟುಬುಕ್ ಕಲಸಿ ಹೋಗ್ತೈತಿ" ಎಂದು ಗದರುತ್ತಿದ್ದೆ. ಗಿರಾಕಿಗಳನ್ನು ಗದರುವ ಚಟ ನನಗೆ ಮೊದಲಿನಿಂದಲೂ ಇದೆ.

ಮುಂಡರಗಿಯಲ್ಲಿ ನನ್ನ ಅಕ್ಕ ಇದ್ದಾಳೆ. ನಮ್ಮವ್ವ ಹೋದ ಮೇಲೆ ನನ್ನನ್ನು ಸಾಕಿದವಳು ಅವಳೇ. ಗಂಡ ತೀರಿಕೊಂಡು ಬಹಳ ವರ್ಷವಾಯಿತು. ಒಬ್ಬನೇ ಮಗ. ಅವನು ಸೈನ್ಯಕ್ಕೆ ಆಯ್ಕೆಯಾದ ದಿನ ನಾನು ಯಾರೂ ಹೇಳದೆಯೇ ಆಟೋ ತೆಗೆದುಕೊಂಡು ಹೋಗಿ ಅಕ್ಕನ ಓಣಿಯಲ್ಲಿ ಕೂಗಿದೆ. ಊರು ಹೇಳಿದೆ, ಓಣಿ ಹೇಳಿದೆ, ತಾಯಿಯ ಏಕೈಕ ಪುತ್ರ ಎಂದೆ, ದೇಶ ಕಾಯಲು ಹೊರಟಿದ್ದಾನೆ ಎಂದೆ, ನಿಲ್ಲಿಸಿದೆ. ನಾನು ಹೇಳುವ ಮೊದಲೇ ಓಣಿಗೆ ಓಣಿಯೇ ಅವನ ಹೆಸರು ಕೂಗಿತು. ಹುಡುಗ ನಾಚಿಕೊಂಡು ಬಾಗಿಲ ಹಿಂದೆ ಅಡಗಿ, "ಮಾಮಾ, ಸಾಕ ಮಾಡೋ ಮಾರಾಯಾ, ಮರ್ಯಾದಿ ಕಳೀಬ್ಯಾಡ" ಎಂದ. ನನಗೆ ಅವತ್ತು ಆದಷ್ಟು ಖುಷಿ ನನ್ನ ಮದುವೆಯಲ್ಲಿಯೂ ಆಗಿರಲಿಲ್ಲ.

ಮುಂದೆ ಎರಡು ವರ್ಷಕ್ಕೆ, ಜೋಳ ಕೊಯ್ಯುವ ಹೊತ್ತಿಗೆ, ಲಡಾಯಿ ಶುರುವಾಯಿತು. ದೇಶದ ನಾಯಕರು ಟಿವಿಯಲ್ಲಿ ಬಂದು ಸ್ವಲ್ಪ ದಿನದ ಮಾತು, ಮುಗಿಸಿಬಿಡುತ್ತೇವೆ ಎಂದರು. ಅವರ ಭಾಷಣವನ್ನು ಊರೂರಿನ ಬಯಲಿನಲ್ಲಿ ದೊಡ್ಡ ಪರದೆ ಕಟ್ಟಿ ತೋರಿಸುವ ಏರ್ಪಾಡಾಯಿತು. ಗದಗಿನ ಜವಳಿ ಸಾಹುಕಾರರೊಬ್ಬರು ನಮ್ಮ ಕಡೆಯ ಉಸ್ತುವಾರಿ. ಮಂದಿಯನ್ನು ಕರೆಯುವ ಕೆಲಸ ನನಗೆ ಬಂತು. ನಾನು ಆ ನಾಯಕರ ಭಕ್ತ. ಈಗ ಮುಚ್ಚಿಟ್ಟು ಏನು ಮಾಡುವುದು? ಅವರ ಮುಖದ ಬ್ಯಾನರನ್ನು ಆಟೋದ ಹಿಂದೆ ನಾನೇ ಕಟ್ಟಿದೆ, ಮುಂದೆ ಚೆಂಡು ಹೂವಿನ ಮಾಲೆ ಹಾಕಿದೆ.

ಮೊದಮೊದಲು ನಾನು ಅವರ ಹೆಸರು ಹೇಳಲೇ ಇಲ್ಲ. ಹೇಳುವ ಪ್ರಸಂಗವೇ ಬರಲಿಲ್ಲ. "ಇಂದು ಸಂಜೆ ಆರು ಗಂಟೆಗೆ, ನಮ್ಮ ಶಿರಹಟ್ಟಿಯ ಬಯಲಿನಲ್ಲಿ, ದೇಶವನ್ನು ಉದ್ದೇಶಿಸಿ ಮಾತನಾಡಲಿದ್ದಾರೆ, ನಮ್ಮ ನಿಮ್ಮೆಲ್ಲರ ನೆಚ್ಚಿನ ನಾಯಕರಾದ" ಎಂದು ನಿಲ್ಲಿಸಿದರೆ ಸಾಕು, ಮಿರ್ಚಿ ಕರಿಯುವವನು ಜಾಲರಿ ಎತ್ತಿ ಹಿಡಿದು ಹೆಸರು ಕೂಗುತ್ತಿದ್ದ. ಲಕ್ಷ್ಮೇಶ್ವರದ ಪಾನ್ ಅಂಗಡಿಯವನ ದನಿ ನನ್ನ ಸ್ಪೀಕರಿಗಿಂತ ದೊಡ್ಡದು. ಬೆಟಗೇರಿಯ ನೇಕಾರರು ಮಗ್ಗದ ಕುಣಿಯಲ್ಲಿ ಕುಳಿತಲ್ಲೇ ಕೂಗುತ್ತಿದ್ದರು. ಹರ್ತಿಯಲ್ಲಿ ಶಾಲೆಯ ಹುಡುಗಿಯರು ಆಟೋದ ಹಿಂದೆ ಓಡಿದರು. ಮುಂಡರಗಿಯಲ್ಲಿ ನನ್ನ ಅಕ್ಕ ಆರತಿ ತಟ್ಟೆ ಹಿಡಿದು ಬಂದು, ಸ್ಪೀಕರಿಗೆ ಕುಂಕುಮ ಹಚ್ಚಿ, ಬ್ಯಾನರಿನ ಮುಖಕ್ಕೂ ಹಚ್ಚಿದಳು. "ನನ್ನ ಮಗನ್ನ ಕಾಯಾಕ ಅವ್ರ ಅದಾರ, ತಮ್ಮಾ" ಎಂದಳು. ನಾನು ಎದೆ ಉಬ್ಬಿಸಿಕೊಂಡು ಮುಂದಿನ ಓಣಿಗೆ ಹೋದೆ.

ಸ್ವಲ್ಪ ದಿನ ಎಂದದ್ದು ಮಳೆಗಾಲಕ್ಕೆ ಬಂತು. ಆಮೇಲೆ ದಸರೆಗೆ ಬಂತು.

ಯಾವ ದಿನದಿಂದ ಕಡಿಮೆಯಾಯಿತು ಎಂದು ಕೇಳಿದರೆ ಹೇಳಲಾರೆ. ಯಾರೂ ಬೈಯಲಿಲ್ಲ, ಯಾರೂ ಕಲ್ಲು ಒಗೆಯಲಿಲ್ಲ. ಲಕ್ಷ್ಮೇಶ್ವರದ ಪಾನ್ ಅಂಗಡಿಯವನು ಒಂದು ದಿನ, ನಾನು ನಿಲ್ಲಿಸಿದ ಹೊತ್ತಿನಲ್ಲಿ, ಎಲೆಗೆ ಸುಣ್ಣ ಹಚ್ಚುತ್ತಲೇ ಇದ್ದ. ಕೇಳಿಸಲಿಲ್ಲವೇನೋ ಎಂದುಕೊಂಡು ಇನ್ನೊಮ್ಮೆ ಹೇಳಿದೆ. ಅವನು ಎಲೆ ಮಡಚಿ ಗಿರಾಕಿಗೆ ಕೊಟ್ಟು, ಕೈ ಒರೆಸಿಕೊಂಡು ಇನ್ನೊಂದು ಎಲೆ ಎತ್ತಿಕೊಂಡ. ನನಗೆ ಸಿಟ್ಟು ಬಂತು. ಆಟೋದಿಂದ ಇಳಿದು ಹೋಗಿ, "ಯಾಕಲೇ, ಬಾಯಾಗ ಏನ್ ಇಟ್ಕೊಂಡಿ? ಕೂಗಾಕ ಆಗವಲ್ದೇನು?" ಎಂದೆ. ಅವನು ತಲೆ ಎತ್ತದೆ, "ನನ್ನ ತಂಗಿ ಗಂಡನ್ನ ಮೊನ್ನೆ ಮತ್ತ ಲಡಾಯಿಗೆ ಕರಸ್ಕೊಂಡಾರ. ರಜಾ ಮೇಲೆ ಬಂದು ಎರಡ ದಿನಾ ಆಗಿತ್ತು. ಊಟಕ್ಕ ಕುಂತಾಂವ ಎದ್ದು ಹೋದ" ಎಂದ. ನಾನು ಒಂದು ಪಾನ್ ಹಾಕಿಸಿಕೊಂಡು ಬಂದೆ.

ಆಮೇಲೆ ನಾನು ಆ ಮೂರು ಎಣಿಸುವ ಹೊತ್ತನ್ನು ಕೇಳತೊಡಗಿದೆ. ಮೂವತ್ತು ವರ್ಷ ಸುಮ್ಮನಿದ್ದಿದ್ದೆನೇ ಹೊರತು ಕೇಳಿರಲಿಲ್ಲ. ಶಿರಹಟ್ಟಿಯಲ್ಲಿ ಎಣ್ಣೆಯ ಚುರುಚುರು ಕೇಳುತ್ತಿತ್ತು. ಮಿರ್ಚಿಯವನು ನನ್ನ ಮುಖ ನೋಡುತ್ತಿದ್ದ, ಬಾಯಿ ತೆರೆಯುತ್ತಿರಲಿಲ್ಲ. ಬೆಟಗೇರಿಯಲ್ಲಿ ಮಗ್ಗ ನಿಲ್ಲುತ್ತಲೇ ಇರಲಿಲ್ಲ. ಹರ್ತಿಯ ಶಾಲೆಯ ಹುಡುಗಿಯರು ಎಲ್ಲರಿಗಿಂತ ಹೆಚ್ಚು ದಿನ ಕೂಗಿದರು. ಆಮೇಲೆ ಯಾರ ತಾಯಿಯೋ ಬಂದು ಅವರನ್ನು ಒಳಗೆ ಕರೆದುಕೊಂಡಳು. ಕಳಸಾಪುರದಲ್ಲಿ ಕಟ್ಟೆಯ ಮೇಲೆ ಕುಳಿತ ಒಬ್ಬ ಅಜ್ಜಿ ಕೈ ಮಾಡಿ ಆಟೋ ನಿಲ್ಲಿಸಿ, "ಯಪ್ಪಾ, ಅವ್ರ ಹೆಸರು ನಮಗ ಗೊತ್ತೈತಿ. ಲಡಾಯಿ ಯಾವಾಗ ಮುಗೀತೈತಿ, ಅದನ್ನ ಕೂಗು. ಕೇಳಾಕ ಕುಂತೇನಿ" ಎಂದಳು. ನನ್ನ ನೋಟುಬುಕ್ಕಿನಲ್ಲಿ ಅದು ಇರಲಿಲ್ಲ.

ಅಲ್ಲಿಂದ ಮುಂದೆ ಹೆಸರನ್ನು ನಾನೇ ಹೇಳಬೇಕಾಯಿತು. ಒಂದು ಸಲ ಸುಸ್ತಾಗಿ, ಹಾಳಾಗಿ ಹೋಗಲಿ ಎಂದು ಹೆಸರನ್ನು ಮೊದಲಿಗೇ ಹೇಳಿ ನೋಡಿದೆ. ಓಣಿಯುದ್ದಕ್ಕೂ ಕಿಟಕಿಗಳು ಒಂದೊಂದಾಗಿ ಮುಚ್ಚಿಕೊಂಡವು. ಸಾಹುಕಾರರಿಗೆ ಇದು ಹೇಗೋ ತಿಳಿಯಿತು. ಅವರು ಕೆಟ್ಟವರಲ್ಲ, ಮೆಲ್ಲಗೆ ಮಾತಾಡುವ ಮನುಷ್ಯ. "ಹೆಸರು ಕೊನಿಗೇ ಇರಲಿ ಬಿಡ್ರಿ. ಮೊದಲ ಹೇಳಿದ್ರ ಪೂರಾ ಕೇಳೂದ ಇಲ್ಲ ಮಂದಿ" ಎಂದರು. ಸೀರೆ ಮಾರುವಾಗ ಹೇಳುವ ಹಾಗೆಯೇ ಹೇಳಿದರು. ಪರದೆಯ ಮುಂದೆ ಹಾಕಿದ ಕುರ್ಚಿಗಳಲ್ಲಿ ಆಗ ಮುಂದಿನ ಒಂದೆರಡು ಸಾಲು ಮಾತ್ರ ತುಂಬುತ್ತಿದ್ದವು. ಉಳಿದವುಗಳ ಮೇಲೆ ಊರ ನಾಯಿಗಳು ಮಲಗುತ್ತಿದ್ದವು. ನಾಯಕರು ಪರದೆಯ ಮೇಲೆ ಮೊದಲಿನ ಹಾಗೆಯೇ ಕೈ ಎತ್ತಿ ಮಾತಾಡುತ್ತಿದ್ದರು, ಚಪ್ಪಾಳೆಗೆಂದು ನಿಲ್ಲಿಸುತ್ತಿದ್ದರು. ಅವರು ನಿಲ್ಲಿಸುವುದನ್ನು ನೋಡಿ ನನಗೆ ಒಂದು ದಿನ ಕನಿಕರವಾಯಿತು. ಆಮೇಲೆ ಅದೂ ಆಗಲಿಲ್ಲ.

ಅಕ್ಕನ ಮಗ, ನನ್ನ ಅಳಿಯ, ಅಪರೂಪಕ್ಕೆ ಫೋನ್ ಮಾಡುತ್ತಿದ್ದ. ಅಕ್ಕನ ಜೊತೆ ಊಟದ ಮಾತು, ಥಂಡಿಯ ಮಾತು. ನನ್ನ ಜೊತೆ ಚೇಷ್ಟೆ. ಒಂದು ಸಲ ಚೇಷ್ಟೆ ಬಿಟ್ಟು ಕೇಳಿದ: "ಮಾಮಾ, ನೀ ಎಲ್ಲಾ ಊರು ತಿರಗ್ತಿ. ಖರೆ ಹೇಳು. ಮಂದಿ ಏನಂತಾರ?"

"ಏನಂತಾರ ಅಂದ್ರ? ಎಲ್ಲಾರೂ ನಿಮ್ಮ ಹಿಂದ ಅದಾರಲೇ. ಓಣಿಗೆ ಓಣಿ ಹೆಸರು ಕೂಗ್ತೈತಿ" ಎಂದೆ.

"ಯಾರ ಹೆಸರು?"

"ಇನ್ಯಾರದಲೇ!" ಎಂದು ಗದರಿದೆ. ಅವನು ನಕ್ಕ. "ಆತು ಬಿಡು" ಎಂದ. ನಾನು ಹೇಳಿದ ಸುಳ್ಳುಗಳಲ್ಲಿ ರಿಯಾಯಿತಿಯ ಸುಳ್ಳು ಬಹಳ ಇವೆ, ಅವು ನನಗೆ ನೆನಪೂ ಇಲ್ಲ. ಇದೊಂದು ನೆನಪಿದೆ.

ಚಳಿಗಾಲದಲ್ಲಿ ಮುಂಡರಗಿ ಹತ್ತಿರದ ಹಳ್ಳಿಯ ಒಬ್ಬ ಹುಡುಗ ಲಡಾಯಿಯಲ್ಲಿ ಸತ್ತ. ಅವನ ದೇಹ ಬರುವ ಸುದ್ದಿಯನ್ನು ಕೂಗಲು ನನ್ನನ್ನು ಕರೆದರು. ಸಾವಿನ ಸುದ್ದಿಗೂ ನನ್ನ ಪದ್ಧತಿ ಅದೇ. ಮುಂಜಾನೆ ಮುಂಡರಗಿ ಬಸ್ ಸ್ಟ್ಯಾಂಡಿನಿಂದ ಶುರು ಮಾಡಿ ಅಕ್ಕನ ಓಣಿಯ ಪಕ್ಕದ ರಸ್ತೆಗೆ ಬಂದೆ. "ನಮ್ಮ ಮುಂಡರಗಿ ತಾಲೂಕಿನ ವೀರಯೋಧ, ಇಪ್ಪತ್ನಾಲ್ಕು ವರ್ಷ ವಯಸ್ಸಿನ, ತಾಯಿಯ ಏಕೈಕ ಪುತ್ರನಾದ" ಎಂದು ನಿಲ್ಲಿಸಿದೆ. ಅಳಿಯನ ವಯಸ್ಸೂ ಅಷ್ಟೇ ಎಂಬುದು ನನಗೆ ಹೊಳೆಯಲೇ ಇಲ್ಲ. ನಾನು ಕೂಗುವುದನ್ನು ನಾನೇ ಕೇಳುತ್ತಿರಲಿಲ್ಲ, ಅಷ್ಟು ರೂಢಿಯಾಗಿತ್ತು.

ಅಕ್ಕ ಓಣಿಯ ತಿರುವಿನಲ್ಲಿ ಬರಿಗಾಲಿನಲ್ಲಿ ಓಡಿ ಬಂದಳು. ಕೈತುಂಬ ಜೋಳದ ಹಿಟ್ಟು. ಸೆರಗು ನೆಲಕ್ಕೆ ಎಳೆಯುತ್ತಿತ್ತು. ಆಟೋದ ಮುಂದೆ ನಿಂತು, ಬಾಯಿ ತೆರೆದು, ನನ್ನನ್ನು ನೋಡಿದಳು. ನನಗೆ ಏನೂ ತಿಳಿಯದೆ, ಕೈಯಲ್ಲಿ ಮೈಕು ಹಿಡಿದವನು ರೂಢಿಯ ಪ್ರಕಾರ ಹೆಸರು ಹೇಳಿದೆ. ಬೇರೆಯ ಹೆಸರು. ಅವಳು ಅಲ್ಲೇ ರಸ್ತೆಯ ಮೇಲೆ ಕುಳಿತುಬಿಟ್ಟಳು. ಸಮಾಧಾನವಾಯಿತು ಎಂದು ನಾನು ಅಂದುಕೊಂಡೆ. ಅವಳ ಮುಖ ನೋಡಿದರೆ ಹಾಗೆ ಕಾಣಲಿಲ್ಲ.

"ಅಕ್ಕಾ, ಅವಂದ ಆಗಿದ್ರ ನಾ ಹಿಂಗ ಕೂಗ್ಕೋತ ಬರ್ತಿದ್ನೇನ? ಹುಚ್ಚಿ ಇದ್ದೀ ಏನು?" ಎಂದೆ.

"ನನಗ ಹೆಂಗ ತಿಳೀಬೇಕೋ?" ಎಂದಳು. "ಸೀರಿ ಅಂದ್ರೂ ಅದ ದನಿ, ಸಾವು ಅಂದ್ರೂ ಅದ ದನಿ ನಿಂದು. ನಿನ್ನ ಹೊಟ್ಟ್ಯಾಗ ಏನೈತಿ ಅಂತ ಆ ದನಿ ಕೇಳಿ ಯಾರಿಗೆ ತಿಳೀತೈತಿ?"

ನಾನು ಅವಳನ್ನು ಎಬ್ಬಿಸಲು ಕೈ ಚಾಚಿದೆ. ಅವಳು ಹಿಟ್ಟಿನ ಕೈಯಿಂದ ನನ್ನ ಕೈ ಹಿಡಿದು ಎದ್ದಳು, ಬಿಡಲಿಲ್ಲ. "ಆಣಿ ಮಾಡು. ಅಂಥಾ ದಿನಾ ಬಂತಂದ್ರ ನೀ ಬಂದು ಹೇಳು, ಬ್ಯಾರೆ ಯಾರೂ ಬ್ಯಾಡ. ಮೊದಲ ಹೆಸರು ಹೇಳು. ಆಮ್ಯಾಲ ಏನರ ಬಡ್ಕೊ."

"ಬಿಡ್ತು ಅನ್ನು. ಏನ್ ಮಾತಾಡ್ತಿ!"

"ಆಣಿ ಮಾಡು" ಎಂದಳು. ಮಾಡಿದೆ. ಅವಳು ಮನೆಗೆ ಹೋಗುವಾಗ ಆಟೋದ ಹಿಂದಿನ ಬ್ಯಾನರನ್ನು ನೋಡಿದಳು. ತಾನೇ ಹಚ್ಚಿದ ಕುಂಕುಮ ಬಿಸಿಲಿಗೆ ಕಂದಿ ಆ ಮುಖದ ಮೇಲೆ ಇನ್ನೂ ಇತ್ತು. "ಇದನ್ನ ಯಾಕ ಕಟಗೊಂಡ ತಿರಗಾಕತ್ತಿ ಇನ್ನೂ?" ಎಂದು ಕೇಳಿದಳು. ಕೆಲಸ ಒಪ್ಪಿಕೊಂಡಿದ್ದೇನೆ ಎಂದೆ. ಅವತ್ತಿನಿಂದ ಸಾವಿನ ಸುದ್ದಿಯನ್ನು ಹೆಸರು ಮೊದಲು ಹೇಳಿ ಕೂಗತೊಡಗಿದೆ. ಸಭೆಗೆ ಕರೆಯುವುದನ್ನು ಮಾತ್ರ ಬಿಡಲಿಲ್ಲ. ಯಾಕೆ ಬಿಡಲಿಲ್ಲ ಎಂದು ಈಗ ಬಹಳ ಸಲ ಕೇಳಿಕೊಂಡಿದ್ದೇನೆ. ಭಕ್ತಿ ಉಳಿದಿರಲಿಲ್ಲ. ಬಿಟ್ಟುಬಿಟ್ಟರೆ, ಅಳಿಯನಿಗೆ ನಾನು ಹೇಳಿದ್ದು ಸುಳ್ಳೆಂದು ಒಪ್ಪಿಕೊಂಡ ಹಾಗಾಗುತ್ತಿತ್ತು, ಅದಕ್ಕೇ ಇರಬೇಕು.

ಜೋಳ ಮತ್ತೆ ಕೊಯ್ಲಿಗೆ ಬಂತು. ಲಡಾಯಿಗೆ ವರ್ಷ ತುಂಬಿದ ದಿನ ನಾಯಕರ ಭಾಷಣ ಇಟ್ಟುಕೊಂಡಿದ್ದರು. ಹಿಂದಿನ ದಿನ ಮಧ್ಯಾಹ್ನ ನಾನು ಲಕ್ಷ್ಮೇಶ್ವರದ ಸಂತೆಯಲ್ಲಿ ಕೂಗುತ್ತಿದ್ದೆ. ಉಳ್ಳಾಗಡ್ಡಿ ಮಾರುವವರು, ಮೆಣಸಿನಕಾಯಿ ಮಾರುವವರು ನನ್ನ ದನಿಯ ಮೇಲೆ ತಮ್ಮ ದನಿ ಎತ್ತಿ ಗಿರಾಕಿಗಳನ್ನು ಕರೆಯುತ್ತಿದ್ದರು. ನೆಚ್ಚಿನ ನಾಯಕರಾದ, ಎಂದು ನಿಲ್ಲಿಸಿದಾಗ ಫೋನ್ ಬಂತು. ಮೈಕು ಬಂದ್ ಮಾಡಿ ಎತ್ತಿಕೊಂಡೆ. ಜವಳಿ ಸಾಹುಕಾರರು.

"ಸಭಾ ಇಲ್ಲ, ಕೂಗೂದು ನಿಲ್ಲಸ್ರಿ" ಎಂದರು. "ನಮ್ಮ ಕಡೆ ಹುಡುಗ ಒಬ್ಬಾಂವ ಹೋಗ್ಯಾನಂತ. ಡಿಸಿ ಆಫೀಸಿನಿಂದ ಈಗ ತಿಳಿಸಿದ್ರು. ಮನಿಯವ್ರಿಗೆ ಇನ್ನೂ ಹೇಳಿಲ್ಲ. ಸಂಜಿಕ ಅಧಿಕಾರಿ ಹೋಗ್ತಾರಂತ. ನೀವು ನಾಳಿ ಮುಂಜಾನಿಂದ ಕೂಗ್ರಿ. ಬರಕೊಳ್ರಿ."

ನಾನು ನೋಟುಬುಕ್ ತೆಗೆದೆ. ಪೆನ್ನಿನ ಮುಚ್ಚಳ ಹಲ್ಲಿನಲ್ಲಿ ಕಚ್ಚಿಕೊಂಡೆ. ಅವರು ನನ್ನ ಕ್ರಮದಲ್ಲೇ ಬರೆಸಿದರು, ನಾನೇ ಕಲಿಸಿದ ಕ್ರಮ. ಊರು ಮುಂಡರಗಿ. ಬರೆದೆ. ಓಣಿಯ ಹೆಸರು ಹೇಳಿದರು. ಬರೆದೆ. ತಂದೆ ಇಲ್ಲ. ಬರೆದೆ. ತಾಯಿಯ ಹೆಸರು ಹೇಳಿದರು. ಅದನ್ನೂ ಬರೆದೆ, ಅಕ್ಷರ ದುಂಡಗೆ ಬಂದಿದೆ, ಆ ಪುಟ ಇನ್ನೂ ಇದೆ. ವಯಸ್ಸು ಬರೆದೆ. ದೇಹ ಎಷ್ಟು ಹೊತ್ತಿಗೆ ಬರುತ್ತದೆ, ಮೆರವಣಿಗೆ ಎಲ್ಲಿಂದ, ಎಲ್ಲಿ ದರ್ಶನಕ್ಕೆ ಇಡುತ್ತಾರೆ, ಎಲ್ಲವನ್ನೂ ಬರೆದೆ. ಆಮೇಲೆ ಸಾಹುಕಾರರು ಸ್ವಲ್ಪ ನಿಲ್ಲಿಸಿದರು. ನನ್ನನ್ನು ಕೇಳಿ ಕೇಳಿ ಅವರಿಗೂ ಆ ರೂಢಿ ಬಂದಿತ್ತು. ಆಮೇಲೆ ಹೆಸರು ಹೇಳಿದರು.

"ಬರಕೊಂಡ್ರಿ?" ಎಂದರು.

"ಬರಕೊಂಡೆ" ಎಂದೆ. ಅವನು ನನ್ನ ಅಳಿಯ ಎಂದು ಅವರಿಗೆ ಗೊತ್ತಿರಲಿಲ್ಲ. ನಾನೂ ಹೇಳಲಿಲ್ಲ.

ಲಕ್ಷ್ಮೇಶ್ವರದಿಂದ ಶಿರಹಟ್ಟಿಗೆ ಬಂದೆ. ಅಲ್ಲಿ ಆಟೋ ನಿಲ್ಲಿಸಿ ಚಹಾ ಕುಡಿದೆ. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೆ ಕುಡಿದದ್ದು ಖರೆ. ಸಕ್ಕರೆ ಹೆಚ್ಚಾಗಿದೆ ಎಂದು ಚಹಾದವನಿಗೆ ಬೈದೆ ಕೂಡ. ಮಿರ್ಚಿಯವನು ದೂರದಿಂದ ನೋಡಿ, "ಇವತ್ತ ಯಾಕ ದನಿ ಇಲ್ರಿ?" ಎಂದು ಕೇಳಿದ. ಗಂಟಲು ನೋವು ಎಂದೆ. ಮುಂಡರಗಿ ರಸ್ತೆಯಲ್ಲಿ ಎಡಗಡೆ ಕಪ್ಪತಗುಡ್ಡದ ಮೇಲೆ ಗಾಳಿಯ ಫ್ಯಾನುಗಳು ತಿರುಗುತ್ತಿದ್ದವು. ಒಂದು ಮಾತ್ರ ನಿಂತಿತ್ತು. ಅದು ಯಾಕೆ ನಿಂತಿದೆ ಎಂದು ಬಹಳ ದೂರದವರೆಗೆ ಯೋಚಿಸಿದೆ. ಅಳು ಬರಬೇಕು, ಎಲ್ಲಾದರೂ ಆಟೋ ನಿಲ್ಲಿಸಿ ಅಳಬೇಕು ಎಂದು ಅನ್ನಿಸಿತು. ಬರಲಿಲ್ಲ. ಎದೆಯ ಮೇಲೆ ಕೈ ಇಟ್ಟರೆ ಬೇರೆ ಯಾರದೋ ಎದೆ ಮುಟ್ಟಿದ ಹಾಗಿತ್ತು.

ಅಕ್ಕನ ಓಣಿಗೆ ಹೋದಾಗ ಸಂಜೆಯ ಬಿಸಿಲು ಇನ್ನೂ ಇತ್ತು. ಆಫೀಸಿನವರು ಬಂದಿರಲಿಲ್ಲ. ಮೂವತ್ತು ವರ್ಷದಲ್ಲಿ ನಾನು ಆ ಓಣಿಗೆ ಮೈಕು ಬಂದ್ ಮಾಡಿಕೊಂಡು ಬಂದದ್ದು ಅದೇ ಮೊದಲು. ಕಟ್ಟೆಯ ಮೇಲೆ ಕುಳಿತವರು ಎದ್ದು ನಿಂತರು. ಅಕ್ಕ ಬಾಗಿಲಲ್ಲಿ ಕುಳಿತು ಮೊರದಲ್ಲಿ ಅಲಸಂದಿ ಹಸನು ಮಾಡುತ್ತಿದ್ದಳು. ಆಟೋದ ಸಪ್ಪಳ ಕೇಳಿ ತಲೆ ಎತ್ತಿದಳು. ಸ್ಪೀಕರ್ ನೋಡಿದಳು. ನನ್ನನ್ನು ನೋಡಿದಳು. ಮೊರ ಕೆಳಗಿಟ್ಟಳು.

ನಾನು ಹತ್ತಿರ ಹೋಗಿ ಆಣೆ ಮಾಡಿದ ಹಾಗೆ ಮೊದಲು ಹೆಸರು ಹೇಳಿದೆ. ಅಷ್ಟೇ. ಅವನ ಹೆಸರು, ಪೂರ್ತಿಯಾಗಿ.

ಅವಳು ಅಳಲಿಲ್ಲ. ಮೊರದಲ್ಲಿದ್ದ ಕಾಳು ನೋಡಿದಳು. ಆಮೇಲೆ, "ಹೂಂ. ಹೆಸರು ಹೇಳಿದಿ" ಎಂದಳು. "ಮುಂದ?"

ಅಕ್ಕಾ ಎನ್ನಬೇಕಿತ್ತು, ಕೈ ಹಿಡಿಯಬೇಕಿತ್ತು. ನನ್ನ ಬಾಯಿಗೆ ಬಂದದ್ದು ನೋಟುಬುಕ್ಕಿನಲ್ಲಿ ಇದ್ದದ್ದು. "ನಮ್ಮ ಮುಂಡರಗಿಯ" ಎಂದು ಶುರು ಮಾಡಿದೆ. ಓಣಿ ಹೇಳಿದೆ. ಅವಳ ಎದುರೇ ಅವಳ ಹೆಸರು ಹೇಳಿ, ಅವರ ಏಕೈಕ ಪುತ್ರ ಎಂದೆ. ದೇಶದ ರಕ್ಷಣೆಯಲ್ಲಿ ವೀರಮರಣ ಹೊಂದಿದ್ದಾರೆ ಎಂದೆ. ಸೀರೆ ಅಂಗಡಿಯ ರಿಯಾಯಿತಿ ಕೂಗುವ ಅದೇ ದನಿ. ಅವರ ಪಾರ್ಥಿವ ಶರೀರ ನಾಳೆ ಮಧ್ಯಾಹ್ನ ಬಸ್ ಸ್ಟ್ಯಾಂಡಿನಿಂದ ಮೆರವಣಿಗೆಯಲ್ಲಿ ಬರುವುದು, ಶಾಲೆಯ ಮೈದಾನದಲ್ಲಿ ದರ್ಶನಕ್ಕೆ ಇಡಲಾಗುವುದು, ಆದ್ದರಿಂದ ಸಾರ್ವಜನಿಕರು ಹೆಚ್ಚಿನ ಸಂಖ್ಯೆಯಲ್ಲಿ ಬರಬೇಕಾಗಿ ವಿನಂತಿ ಎಂದು ಮುಗಿಸಿದೆ.

ಅಕ್ಕ ಎಲ್ಲವನ್ನೂ ಕೊನೆಯತನಕ ಕೇಳಿದಳು. ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು.

"ಆತಪಾ" ಎಂದಳು. "ಬರ್ತೀನಿ."